ಮೇಷ್ಟ್ರ ಎಡಮುರಿ ಏಣಿ

ನಮ್ಮ ವಿಜ್ಞಾನದ ಮೇಷ್ಟ್ರಿಗೆ ಇದ್ದದ್ದು ಒಂದೂವರೆ ಹುಬ್ಬು. ಎಡಗಣ್ಣಿನ ಮೇಲೆ ಕಂಬಳಿಹುಳುವಿನಂಥ ದಪ್ಪ ಹುಬ್ಬು ಪೂರ್ತಿ ಇತ್ತು. ಬಲಗಣ್ಣಿನ ಮೇಲೆ ಮೂಗಿನ ಕಡೆಯ ಅರ್ಧ ಮಾತ್ರ ಉಳಿದು, ಮಿಕ್ಕ ಜಾಗ ನುಣ್ಣಗೆ ಹೊಳೆಯುತ್ತಿತ್ತು. ನಾನು ಆ ಶಾಲೆಗೆ ಬರುವ ಮೊದಲೇ ಒಮ್ಮೆ ಮಕ್ಕಳ ಮುಂದೆ ಜಲಜನಕ ಉರಿಸಿ ತೋರಿಸಲು ಹೋಗಿ, ಅದು ಭುಗ್ಗೆಂದು ಮುಖಕ್ಕೇ ಬಂದು, ಆ ಅರ್ಧ ಹುಬ್ಬನ್ನು ಶಾಶ್ವತವಾಗಿ ತೆಗೆದುಕೊಂಡು ಹೋಗಿತ್ತಂತೆ. ಹೊಸಬಳಾದ ನಾನು ತಡೆಯಲಾರದೆ ಕೇಳಿಯೇಬಿಟ್ಟೆ. ಪ್ರಯೋಗದಲ್ಲಿ ಏನು ತಪ್ಪಾಯಿತು ಮೇಷ್ಟ್ರೆ ಅಂದೆ.

"ತಪ್ಪೇನೂ ಆಗ್ಲಿಲ್ಲಮ್ಮ," ಅಂದರು. "ಪ್ರಯೋಗ ಸರಿಯಾಗೇ ಇತ್ತು. ಹುಬ್ಬು ಅಡ್ಡ ಬಂತು."

ಅವರನ್ನು ಅರ್ಥ ಮಾಡಿಕೊಳ್ಳಲು ಈ ಒಂದು ಮಾತು ಸಾಕು. ಮೇಷ್ಟ್ರು ತಮ್ಮ ಜೀವನದಲ್ಲಿ ಯಾವತ್ತೂ ತಪ್ಪು ಮಾಡಿರಲಿಲ್ಲ. ತಪ್ಪುಗಳು ಅವರ ಸುತ್ತಮುತ್ತ ಆಗುತ್ತಿದ್ದವು, ಅಷ್ಟೆ. ಒಮ್ಮೆ ಕೊರಟಗೆರೆಯಲ್ಲಿ ಯಾರದೋ ಮದುವೆಗೆಂದು ಹೊರಟವರು, ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಏನೋ ಯೋಚಿಸುತ್ತ ಹಿಂದೂಪುರದ ಬಸ್ಸು ಹತ್ತಿ ಕೂತರು. ಕೊಡಿಗೇನಹಳ್ಳಿ ಬಂದಾಗ ಎಚ್ಚರವಾಯಿತು. ಸುಮ್ಮನೆ ಇಳಿದು, ಅಲ್ಲಿದ್ದ ದೂರದ ನೆಂಟರೊಬ್ಬರ ಮನೆಗೆ ಹೋಗಿ, ನಿಮ್ಮನ್ನೇ ನೋಡಲು ಬಂದೆ ಎಂದು ಹೇಳಿ, ಮುದ್ದೆ ಉಂಡು, ಸಂಜೆ ವಾಪಸ್ಸು ಬಂದರು. "ಬಸ್ಸು ಆ ಕಡೆ ಹೋಯ್ತು, ನಾನೇನ್ ಮಾಡ್ಲಿ?" ಎಂದು ಮನೆಯಲ್ಲಿ ಹೇಳಿದರು. ಮದುವೆಗೆ ಒಬ್ಬರೇ ಹೋಗಿ, ಯಜಮಾನರೆಲ್ಲಿ ಎಂದು ಎಲ್ಲರ ಕೈಲೂ ಕೇಳಿಸಿಕೊಂಡು ಬಂದಿದ್ದ ಅವರ ಹೆಂಡತಿ ಅಂದು ರಾತ್ರಿ ಒಲೆ ಹಚ್ಚಲಿಲ್ಲ.

ಇದೆಲ್ಲ ನನಗೆ ಗೊತ್ತಾದದ್ದು ನಾವು ಅವರ ಪಕ್ಕದ ಮನೆಯಲ್ಲಿದ್ದುದರಿಂದ. ನಾನು ಹೊಳವನಹಳ್ಳಿಯವಳು. ಐವತ್ತರ ದಶಕ ಮುಗಿಯುತ್ತಿತ್ತು. ಅಪ್ಪ ತೀರಿಹೋಗಿ, ಅಮ್ಮನೂ ಓದುವ ತಂಗಿಯೂ ನನ್ನ ಮುಖ ನೋಡುವಂತಾಗಿತ್ತು. ಮಧುಗಿರಿಯ ಹೈಸ್ಕೂಲೊಂದರಲ್ಲಿ ನೂಲುವುದು, ಹೊಲಿಯುವುದು ಕಲಿಸುವ ಟೀಚರ್ ಕೆಲಸ ಸಿಕ್ಕಿತು. ಕೆಲಸವೇನೋ ಸಿಕ್ಕಿತು, ಆದರೆ ತಾತ್ಕಾಲಿಕ. ಮೇಲಿನವರು ಮನಸ್ಸು ಮಾಡಿ ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬೆಟ್ಟದ ಬುಡದ ಒಂದು ವಠಾರದಲ್ಲಿ ಕೋಣೆ ಹಿಡಿದು ಮೂವರೂ ಬಂದಿಳಿದೆವು. ಮೇಷ್ಟ್ರ ಹೆಂಡತಿಯನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಅವರ ತವರು ಪಾವಗಡ. ಕೋಪ ಬಂದರೆ ತೆಲುಗು ಬರುತ್ತಿತ್ತು, ತುಂಬಾ ಕೋಪ ಬಂದರೆ ಏನೂ ಬರುತ್ತಿರಲಿಲ್ಲ. ಆಗ ಮೇಷ್ಟ್ರು ನಮ್ಮ ಮನೆಗೆ ಬಂದು ಕಾಫಿ ಕೇಳುತ್ತಿದ್ದರು.

"ಒಂದೇ ಒಂದ್ಸಲ, 'ತಪ್ಪಾಯ್ತು ಕಣೆ' ಅನ್ನಲಿ ಟೀಚರಮ್ಮ," ಎನ್ನುತ್ತಿದ್ದರು ಅಕ್ಕ, ಅಕ್ಕಿ ಆರಿಸುತ್ತ. "ಇನ್ನೇನೂ ಬೇಡ ನಂಗೆ. ಒಡವೆ ಬೇಡ, ಸೀರೆ ಬೇಡ."

ಮೇಷ್ಟ್ರು ಒಳಗಿನಿಂದ ಹೇಳುತ್ತಿದ್ದರು, "ತಪ್ಪು ಮಾಡಿದ್ರೆ ಅಂದೇ ಅಂತೀನಿ."

ಶಾಲೆಯಲ್ಲಿ ಅವರ ಪಾಠ ಕೇಳಲು ನನಗೆ ಆಸೆ. ನನ್ನ ನೂಲುವ ಕೋಣೆಗೂ ಅವರ ಲ್ಯಾಬಿಗೂ ನಡುವೆ ಇದ್ದದ್ದು ಒಂದು ಮರದ ತಡಿಕೆ. ಈ ಕಡೆ ಮಕ್ಕಳು ಹತ್ತಿಯ ಹಂಜಿ ಹಿಡಿದು ನೂಲುವ ತಕಲಿ ತಿರುಗಿಸುತ್ತಿದ್ದರೆ, ಆ ಕಡೆಯಿಂದ ಮೇಷ್ಟ್ರ ದನಿ ಬರುತ್ತಿತ್ತು. ಅವರು ರೈತರ ಮನೆಯಿಂದ ಬಂದವರು. ಪುಸ್ತಕದ ಕನ್ನಡದಲ್ಲಿ ಶುರು ಮಾಡುತ್ತಿದ್ದರು. ಪಾಠ ರಂಗೇರಿದ ಹಾಗೆ ಊರಿನ ಮಾತು ಬಂದುಬಿಡುತ್ತಿತ್ತು. "ಲೇ, ನಿನ್ನ ಮೂಗು ನೋಡ್ಕೊಳ್ಳೋ. ನಿಮ್ಮಪ್ಪನ ಮೂಗೇ ಅದು. ನಿಮ್ಮಪ್ಪ ಏನು ಕುಯ್ದು ಕೊಟ್ನೇನ್ಲಾ? ಹೆಂಗ್ ಬಂತು ಮತ್ತೆ?" ಎಂದು ಕೇಳಿ, ಕ್ಲಾಸು ನಗುವಷ್ಟು ನಗಲು ಬಿಟ್ಟು, ಆಮೇಲೆ ದನಿ ತಗ್ಗಿಸುತ್ತಿದ್ದರು. ನಮ್ಮ ಮೈಯ ಒಂದೊಂದು ಜೀವಕಣದೊಳಗೂ ಕಣ್ಣಿಗೆ ಕಾಣದ ದಾರ ಇದೆ. ಅಪ್ಪನ ಮೂಗು, ಅಮ್ಮನ ಕಣ್ಣು, ಅಜ್ಜಿಯ ಮೊಂಡುತನ ಎಲ್ಲ ಅದರಲ್ಲಿ ಬರೆದಿದೆ. ಅದರ ಹೆಸರು ಡಿ.ಎನ್.ಎ. ನಾನು ತಕಲಿ ನಿಲ್ಲಿಸಿ ಕೇಳುತ್ತಿದ್ದೆ. ದಾರ ಎಂದರೆ ನನ್ನ ವಿಷಯ ತಾನೆ.

ಇದೆಲ್ಲ ಪಠ್ಯದಲ್ಲಿ ಇರಲೇ ಇಲ್ಲ. ಮೇಷ್ಟ್ರ ಭಾವಮೈದ ಬೆಂಗಳೂರಿನ ಯಾವುದೋ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ. ಎಲ್ಲರೂ ಓದಿ ಬಿಸಾಕಿದ ಹಳೆಯ ಇಂಗ್ಲಿಷ್ ವಿಜ್ಞಾನ ಪತ್ರಿಕೆಗಳನ್ನು ಕಟ್ಟು ಕಟ್ಟಿ ಬಸ್ಸಿನಲ್ಲಿ ಕಳಿಸುತ್ತಿದ್ದ. ಅವು ಬರುವಾಗ ವರ್ಷಗಟ್ಟಲೆ ಹಳತಾಗಿರುತ್ತಿದ್ದವು, ಜೊತೆಗೆ ಹಿಂದುಮುಂದಾಗಿರುತ್ತಿದ್ದವು. ಅಂಥದೊಂದರಲ್ಲಿ, ಅಮೆರಿಕದ ದೊಡ್ಡ ವಿಜ್ಞಾನಿಯೊಬ್ಬರು ಈ ದಾರ ಮೂರೆಳೆಯದು ಎಂದು ಹೇಳಿದ್ದನ್ನು ಮೇಷ್ಟ್ರು ಓದಿದರು. ಓದಿದ್ದೇ ತಡ, ಮೂರು ಹಗ್ಗ ತಂದು, ಒಂದಕ್ಕೊಂದು ಹೊಸೆದು, ಹೊರಗೆಲ್ಲ ಬೀಜಗಳನ್ನು ಪೋಣಿಸಿ ಲ್ಯಾಬಿನ ತೊಲೆಗೆ ನೇತುಹಾಕಿದರು. ನೋಡಲು ದೃಷ್ಟಿ ತೆಗೆಯಲು ಕಟ್ಟಿದ ಹಾಗಿತ್ತು. ಮೂರೆಳೆ ಯಾಕೆ ಎಂದು ಯಾರಾದರೂ ಕೇಳಿದರೆ, "ಎರಡೆಳೆ ಹಗ್ಗದಲ್ಲಿ ಎತ್ತು ಕಟ್ತೀಯೇನ್ಲಾ? ಕಿತ್ಕೊಂಡೋಗುತ್ತೆ. ಮನುಷ್ಯನ್ನ ಕಟ್ಟೋಕೆ ಮೂರಾದ್ರೂ ಬ್ಯಾಡ್ವಾ?" ಎನ್ನುತ್ತಿದ್ದರು. ಮನೆಯಲ್ಲಿ ಅಕ್ಕನ ಜಡೆಯನ್ನೂ ಸಾಕ್ಷಿಗೆ ಕರೆದರು. ಅಕ್ಕ ಮಾತ್ರ, ಜಡೆ ಹೆಣೆಯುವುದೇ ಬೇರೆ, ಹುರಿ ಹೊಸೆಯುವುದೇ ಬೇರೆ, ಅಷ್ಟೂ ಗೊತ್ತಿಲ್ಲವೇ ಎಂದು ಕೇಳಿ ಬಾಚಣಿಗೆ ಕಿತ್ತುಕೊಂಡರು.

ಮುಂದಿನ ಕಟ್ಟಿನಲ್ಲಿ ಆಘಾತ ಕಾದಿತ್ತು. ಇಂಗ್ಲೆಂಡಿನಲ್ಲಿ ಇಬ್ಬರು, ಅದು ಮೂರಲ್ಲ ಎರಡೇ ಎಳೆ ಎಂದು ಮಾದರಿ ಕಟ್ಟಿ ತೋರಿಸಿದ್ದರು. ಬೆನ್ನೆಲುಬಿನಂಥ ಎರಡು ಎಳೆ ಹೊರಗೆ, ಅವುಗಳ ನಡುವೆ ಏಣಿಯ ಮೆಟ್ಟಿಲುಗಳ ಹಾಗೆ ಜೋಡಿ ಜೋಡಿ ತುಣುಕುಗಳು. ಒಂದು ಜೋಡಿಯಲ್ಲಿ ಯಾವಾಗಲೂ ದೊಡ್ಡದೊಂದು, ಚಿಕ್ಕದೊಂದು. ಇಡೀ ಏಣಿಯನ್ನು ತಿರುಚಿದ ಹಾಗೆ. ಎರಡೆಳೆ ಬಿಚ್ಚಿದರೆ ಒಂದೊಂದೂ ತನ್ನ ಜೋಡಿಯನ್ನು ಮತ್ತೆ ಕಟ್ಟಿಕೊಳ್ಳಬಲ್ಲದು. ಮಕ್ಕಳಿಗೆ ಅಪ್ಪಅಮ್ಮನ ಗುಣ ಬರುವ ಗುಟ್ಟು ಅದೇ. ಜಗತ್ತಿಗೆಲ್ಲ ಈ ಸುದ್ದಿ ಮುಟ್ಟಿ ಹಳೆಯದಾದ ಮೇಲೆ ಮಧುಗಿರಿಗೆ ಬಂದಿತ್ತು. ಮೇಷ್ಟ್ರು ಅದನ್ನು ಓದಿ, ಸ್ಟೂಲು ಹತ್ತಿ, ತೊಲೆಯಿಂದ ಹಗ್ಗ ಇಳಿಸಿ ಒಂದೆಳೆ ಬಿಚ್ಚಿದರು.

"ಹಂಗಾದ್ರೆ ಮೂರು ತಪ್ಪಾ ಮೇಷ್ಟ್ರೆ?" ಅಂದೆ.

"ತಪ್ಪಲ್ಲ. ಮೂರನೇದು ಸ್ಪೇರು," ಅಂದರು. ಆ ಸ್ಪೇರು ಆಮೇಲೆ ನಮ್ಮ ವಠಾರದಲ್ಲಿ ಬಟ್ಟೆ ಒಣಹಾಕುವ ಹಗ್ಗವಾಗಿ ಬಹಳ ಕಾಲ ಬಾಳಿತು.

ಆ ವರ್ಷವೇ ನನ್ನ ಕುತ್ತಿಗೆಗೆ ಬಂತು. ದೊಡ್ಡ ಸಾಹೇಬರು ಇನ್‌ಸ್ಪೆಕ್ಷನ್ನಿಗೆ ಬರುತ್ತಾರೆ, ನೂಲುವ ಟೀಚರ್ ಬೇಕೇ ಬೇಡವೇ ಎಂಬುದನ್ನು ಅಂದೇ ತೀರ್ಮಾನ ಮಾಡುತ್ತಾರೆ ಎಂದು ಹೆಡ್‌ಮಾಸ್ಟರು ನನ್ನನ್ನು ಕರೆದು ಹೇಳಿದರು. "ಈಗೆಲ್ಲ ಸೈನ್ಸ್ ಕಾಲ ಕಣಮ್ಮ, ತಕಲಿ ಯಾರಿಗೆ ಬೇಕು?" ಎಂದು ಅವರೇ ತೀರ್ಪನ್ನೂ ಕೊಟ್ಟರು. ನಾನು ಮನೆಗೆ ಬಂದು ಅಮ್ಮನಿಗೆ ಹೇಳಲಾರದೆ, ಮಾರನೆಯ ಬೆಳಿಗ್ಗೆ ಹಿತ್ತಲಿನಲ್ಲಿ ಅಳುತ್ತ ನಿಂತಿದ್ದೆ. ಕೆಲಸ ಹೋದರೆ ತಂಗಿಯ ಓದು ನಿಲ್ಲುತ್ತಿತ್ತು, ನಾವು ಮೂವರೂ ಹೊಳವನಹಳ್ಳಿಯ ದೊಡ್ಡಪ್ಪನ ಮನೆಯ ಅಟ್ಟಕ್ಕೆ ಹೋಗಿ ಬೀಳಬೇಕಿತ್ತು. ದೊಡ್ಡಪ್ಪ ಒಳ್ಳೆಯವರು, ದೊಡ್ಡಮ್ಮನ ವಿಷಯ ನಾನು ಹೇಳುವುದಿಲ್ಲ. ಗೋಡೆಯಾಚೆ ಬೇವಿನಕಡ್ಡಿಯಲ್ಲಿ ಹಲ್ಲುಜ್ಜುತ್ತಿದ್ದ ಮೇಷ್ಟ್ರು ಎಲ್ಲ ಕೇಳಿ, ಉಗುಳಿ, ಹೇಳಿದರು:

"ಅಳೋದು ಬುಡು. ಡಿ.ಎನ್.ಎ. ನೀನು ಮಾಡು. ನೂಲು ಅಂದ್ರೇನೇ ಸೈನ್ಸು ಅಂತ ಆ ಸಾಹೇಬ್ರಿಗೆ ನಾನು ತೋರಿಸ್ತೀನಿ."

ಇದರಲ್ಲಿ ಅವರ ಆಸೆಯೂ ಇತ್ತು. ಕೊರಟಗೆರೆಯ ಕಡೆ ಒಂದು ಶಾಲೆಗೆ ಹೆಡ್‌ಮಾಸ್ಟರಾಗುವ ಸರದಿ ಅವರದಾಗಿತ್ತು, ಬರುವ ಸಾಹೇಬರೇ ಅದಕ್ಕೂ ದೊರೆ. ಕೊರಟಗೆರೆಗೆ ಹೋದ ಮೇಲೆ ಯಾವ ಬಣ್ಣದ ಪೇಟ ಕಟ್ಟಬೇಕು ಎಂಬುದನ್ನು ಮೇಷ್ಟ್ರು ಆಗಲೇ ಅಕ್ಕನೊಂದಿಗೆ ಚರ್ಚಿಸಿ ಮುಗಿಸಿದ್ದರು.

ಕೆಲಸ ಶುರುವಾಯಿತು. ಕಂಬಳಿ ನೇಯುವವರ ಮನೆಯಿಂದ ಉಣ್ಣೆ ತಂದು ನಾನೇ ಹೆಬ್ಬೆರಳು ಗಾತ್ರದ ಎಳೆ ಹೊಸೆದೆ. ಒಂದಕ್ಕೆ ಕೆಂಪು, ಇನ್ನೊಂದಕ್ಕೆ ನೀಲಿ ಬಣ್ಣ ಹಾಕಿದೆ. ಏಣಿ ತಿರುಚಿಕೊಂಡು ನಿಲ್ಲಬೇಕಲ್ಲ, ಅದಕ್ಕೆ ಒಂದು ಗಟ್ಟಿ ಕಂಬ ಬೇಕಿತ್ತು. ಮೇಷ್ಟ್ರು ಅಡುಗೆಮನೆಗೆ ಹೋಗಿ ಅಕ್ಕನ ಒನಕೆ ತಂದರು. ಒನಕೆಯ ಸುತ್ತ ಎರಡೂ ಎಳೆಗಳನ್ನು ಜೊತೆಜೊತೆಯಾಗಿ ಸುತ್ತಿ, ಕಂಬಳಿಗೆ ಹಚ್ಚುವಂಥ ಹುಣಸೆಬೀಜದ ಗಂಜಿ ದಪ್ಪಗೆ ಬಳಿದು ಬಿಸಿಲಿಗೆ ಇಟ್ಟೆವು. ಆ ಗಂಜಿ ಒಣಗಿದರೆ ಉಣ್ಣೆ ಮರದಂತೆ ಸೆಟೆದು ನಿಲ್ಲುತ್ತದೆ. ನಿಂತಿತು ಕೂಡ. ಎಷ್ಟು ಚೆನ್ನಾಗಿ ನಿಂತಿತೆಂದರೆ ಒನಕೆ ಹೊರಗೇ ಬರಲಿಲ್ಲ.

ಒನಕೆಯ ತಲೆ ಹಿಡಿದು ಮೇಷ್ಟ್ರು, ಸುರುಳಿಯನ್ನು ಹಿಡಿದು ನಾನು, ಜಗಲಿಯ ಮೇಲೆ ಕೂತು ಜಗ್ಗಾಡಿದೆವು. ಅಕ್ಕ ಬಾಗಿಲಲ್ಲಿ ನಿಂತು ನೋಡಿದರು. ಅಷ್ಟು ದಿನದಿಂದ ಮನೆಯಲ್ಲಿ ಚಟ್ನಿಪುಡಿ ಕುಟ್ಟಿರಲಿಲ್ಲ. "ಸರ್ಲೇ, ಇನ್ಮೇಲೆ ಮೆಣಸಿನಕಾಯಿ ಹಂಗೇ ಕಡ್ಕೊಂಡು ತಿನ್ನಿ," ಎಂದು ಹೇಳಿ ಒಳಗೆ ಹೋದವರು, ಮನಸ್ಸು ತಡೆಯದೆ ಹರಳೆಣ್ಣೆ ತಂದು ಕೊಟ್ಟರು. ಎಣ್ಣೆ ಇಳಿಬಿಟ್ಟು ಸಂಜೆಯವರೆಗೆ ಕಾದ ಮೇಲೆ ಒನಕೆ ಜಾರಿ ಬಂತು. ಊದುಬತ್ತಿಯ ಕಡ್ಡಿಗಳನ್ನು ಮೆಟ್ಟಿಲಾಗಿ ಸಿಕ್ಕಿಸಿ, ದೊಡ್ಡ ತುಣುಕುಗಳಿಗೆ ಅಂಟುವಾಳದ ಕಾಯಿ, ಹೊಂಗೆ ಬೀಜ, ಚಿಕ್ಕವಕ್ಕೆ ಹುಣಸೆ ಬೀಜ, ಸೀತಾಫಲದ ಬೀಜ ಜೋಡಿ ಮಾಡಿ ಅಂಟಿಸಿದೆವು. ಆಳೆತ್ತರಕ್ಕೆ ಸ್ವಲ್ಪ ಕಮ್ಮಿ ಇದ್ದ ಆ ಏಣಿ ಕೆಂಪು ನೀಲಿಯಾಗಿ ತಿರುಗಿಕೊಂಡು ಮೇಲೇರುವುದನ್ನು ನೋಡಿ ನನಗೆ ನಿಜಕ್ಕೂ ಹೆಮ್ಮೆಯಾಯಿತು. ಹರಳೆಣ್ಣೆ ವಾಸನೆಯೊಂದು ಬಿಟ್ಟರೆ ಕುಂದೇ ಇರಲಿಲ್ಲ. ವಠಾರದವರೆಲ್ಲ ಬಂದು ನೋಡಿದರು. ಇದು ನಮ್ಮೆಲ್ಲರೊಳಗೂ ಇದೆ ಎಂದು ಮೇಷ್ಟ್ರು ಹೇಳಿದಾಗ ಒಬ್ಬ ಅಜ್ಜಿ ಹೊಟ್ಟೆ ಮುಟ್ಟಿ ನೋಡಿಕೊಂಡಳು.

ಇನ್‌ಸ್ಪೆಕ್ಷನ್ನಿನ ಹಿಂದಿನ ದಿನ ಬೆಳಿಗ್ಗೆ ಮೇಷ್ಟ್ರು ಪತ್ರಿಕೆಯ ಚಿತ್ರವನ್ನು ಏಣಿಯ ಪಕ್ಕ ಹಿಡಿದು ಸುಮ್ಮನೆ ನಿಂತುಬಿಟ್ಟರು. ಪೂರ್ತಿ ಇದ್ದ ಹುಬ್ಬು ನಿಧಾನವಾಗಿ ಮೇಲೆ ಹೋಯಿತು.

"ಟೀಚರಮ್ಮ, ಇದು ಬಲಮುರಿ ಇರ್ಬೇಕು. ನಮ್ದು ಎಡಮುರಿ ಆಗೈತೆ."

ನೋಡಿದೆ. ನಿಜ. ಚಿತ್ರದಲ್ಲಿ ಮುಂದಿನ ಎಳೆ ಎಡದಿಂದ ಬಲಕ್ಕೆ ಏರುತ್ತಿತ್ತು, ನಮ್ಮದು ಬಲದಿಂದ ಎಡಕ್ಕೆ ಏರುತ್ತಿತ್ತು. ಯಾಕೆಂದು ನನಗೆ ತಕ್ಷಣ ಹೊಳೆಯಿತು. ತಕಲಿ ತಿರುಗಿಸುವ ಕೈ ಎಳೆಗೆ ಒಂದು ಕಡೆ ಹುರಿ ಕೊಡುತ್ತದೆ. ಎರಡೆಳೆ ಕೂಡಿಸುವಾಗ ಅದಕ್ಕೆ ವಿರುದ್ಧವಾಗಿ ಸುತ್ತಬೇಕು, ಇಲ್ಲದಿದ್ದರೆ ಬಿಚ್ಚಿಕೊಳ್ಳುತ್ತದೆ. ನೂಲುವವರು ಯಾರೇ ಸುತ್ತಿದರೂ ಹಾಗೆಯೇ ಸುತ್ತುತ್ತಿದ್ದರು. ಯಾವ ಕಡೆಗೆ ಎಂದು ಮೇಷ್ಟ್ರು ಹೇಳಿರಲಿಲ್ಲ, ಕೇಳಬೇಕೆಂದು ನನಗೆ ತಿಳಿದಿರಲಿಲ್ಲ. ಇದನ್ನೆಲ್ಲ ಅವರಿಗೆ ಹೇಳಿದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

"ತಲೆಕೆಳಗು ಮಾಡಿದ್ರೆ ಸರಿ ಹೋಗುತ್ತೆ," ಎಂದು ಏಣಿಯನ್ನು ಬುಡಮೇಲು ಮಾಡಿ ನಿಲ್ಲಿಸಿದರು. ಅದು ಎಡಮುರಿಯಾಗಿಯೇ ಇತ್ತು. ಹಿಂದಿನಿಂದ ನೋಡಿದರು, ಎಡಮುರಿ. ಜಗಲಿಯ ಮೇಲೆ ಅಡ್ಡ ಮಲಗಿಸಿ ನೋಡಿದರು, ಎಡಮುರಿ. ಕೊನೆಗೆ ಪಂಚೆ ಎತ್ತಿ ಕಟ್ಟಿ, ಬೆನ್ನು ತಿರುಗಿಸಿ, ಬಗ್ಗಿ ತಮ್ಮ ಎರಡು ಕಾಲುಗಳ ನಡುವಿನಿಂದ ನೋಡಿದರು. ಅದೇ ಹೊತ್ತಿಗೆ ಅಕ್ಕ ಕಾಫಿ ತಂದವರು ಆ ದೃಶ್ಯ ನೋಡಿ, ಲೋಟ ಕೆಳಗಿಟ್ಟು, ಒಂದೂ ಮಾತಾಡದೆ ಒಳಗೆ ಹೋದರು. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ನಗುವುದೋ ಅಳುವುದೋ ತಿಳಿಯುತ್ತಿರಲಿಲ್ಲ. ಬಿಚ್ಚಿ ಮತ್ತೆ ಸುತ್ತೋಣ ಎಂದರೆ ಗಂಜಿ ಕಲ್ಲಾಗಿತ್ತು.

ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮೇಷ್ಟ್ರ ಮುಖ ಅರಳಿತು. ಬಸ್ ಸ್ಟ್ಯಾಂಡಿನ ಹತ್ತಿರ ಸಿರಾದ ಸಾಹೇಬರೊಬ್ಬರು ಪಟಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದರು. ಮೇಷ್ಟ್ರು ಅಲ್ಲಿಗೆ ಓಡಿದರು. ಹೊತ್ತು ಏರುವುದರೊಳಗೆ ಕೂಲಿಯವನ ತಲೆಯ ಮೇಲೆ ಆಳುದ್ದದ ನಿಲುವುಗನ್ನಡಿ ಶಾಲೆಗೆ ಬಂತು. ಅದರ ಹಿಂದೆಯೇ ಬೆವರು ಒರೆಸುತ್ತ ಅಂಗಡಿಯ ಸಾಹೇಬರೂ ಬಂದರು.

"ಮೇಷ್ಟ್ರೆ, ಇದು ನಮ್ ಅಣ್ಣನ ಬೇಟಿ ಶಾದಿಗೆ ಮಾಡ್ಸಿರೋ ಆಯ್ನಾ," ಅಂದರು. "ಈ ವಾರ ಸಿರಾಕ್ಕೆ ಹೋಗ್ಬೇಕು. ಒಡೆದ್ರೆ ಜಿಮ್ಮೇದಾರಿ ನಿಮ್ದು. ನಾಳೆ ನಾನೂ ಇಲ್ಲೇ ಕೂತಿರ್ತೀನಿ."

ಲ್ಯಾಬಿನ ಮೂಲೆಯಲ್ಲಿ ಕನ್ನಡಿ ನಿಲ್ಲಿಸಿ, ಅದರ ಮುಂದೆ ಮನೆಯಿಂದ ತಂದ ಏಣಿ ಇಟ್ಟು, ಏಣಿಗೆ ಒಂದು ತೆರೆ ಅಡ್ಡ ಕಟ್ಟಿದರು. ನೋಡುವವರಿಗೆ ಏಣಿ ನೇರವಾಗಿ ಕಾಣದು, ಕನ್ನಡಿಯೊಳಗಿನ ಏಣಿ ಮಾತ್ರ ಕಾಣುತ್ತದೆ. ಕನ್ನಡಿಯಲ್ಲಿ ಎಡಮುರಿ ಬಲಮುರಿಯಾಗಿತ್ತು. ಪತ್ರಿಕೆಯ ಚಿತ್ರದಲ್ಲಿದ್ದ ಹಾಗೆಯೇ, ಅಚ್ಚುಕಟ್ಟಾಗಿ. ನನಗೆ ಹೋದ ಜೀವ ಬಂದ ಹಾಗಾಯಿತು. ಮೇಷ್ಟ್ರು ಅಷ್ಟಕ್ಕೇ ನಿಲ್ಲಲಿಲ್ಲ. 'ಡಿ.ಎನ್.ಎ.' ಎಂಬ ಬೋರ್ಡು ಕನ್ನಡಿಯಲ್ಲಿ ನೆಟ್ಟಗೆ ಕಾಣಬೇಕಲ್ಲ, ಅದನ್ನು ಉಲ್ಟಾ ಅಕ್ಷರದಲ್ಲಿ ಬರೆದು ಏಣಿಯ ಬುಡಕ್ಕೆ ಒರಗಿಸಿದರು.

"ನೋಡಿದ್ಯಾ? ಏಣಿ ತಪ್ಪಿರ್ಲಿಲ್ಲ. ನೋಡೋ ಜಾಗ ತಪ್ಪಿತ್ತು," ಅಂದರು.

ಮಾರನೆಯ ದಿನ ದೊಡ್ಡ ಸಾಹೇಬರು ಬಂದರು. ಜೊತೆಗೆ ತುಮಕೂರಿನ ಕಾಲೇಜಿನಿಂದ ಒಬ್ಬ ಕನ್ನಡಕದ ಲೆಕ್ಚರರು, ಹಿಂದೆ ನಮ್ಮ ಹೆಡ್‌ಮಾಸ್ಟರು. ಸಾಹೇಬರು ಮೊದಲು ನನ್ನ ಕೋಣೆಗೆ ಬಂದು, ಮಕ್ಕಳು ನೂಲುವುದನ್ನು ನಿಂತು ನೋಡಿ, "ಇದನ್ನ ಇನ್ನೂ ಇಟ್ಕೊಂಡಿದೀರಾ?" ಎಂದು ಹೆಡ್‌ಮಾಸ್ಟರನ್ನು ಕೇಳಿದರು. ಹೆಡ್‌ಮಾಸ್ಟರು ನಕ್ಕರು. ಆಗ ಮೇಷ್ಟ್ರು ತಡಿಕೆಯ ಆ ಕಡೆಯಿಂದ ಕೂಗಿ, "ಸಾರ್, ಈ ನೂಲಿನಿಂದ ಏನ್ ಮಾಡ್ಬೌದು ಅಂತ ಇಲ್ಲಿ ಬಂದು ನೋಡಿ," ಎಂದು ಎಲ್ಲರನ್ನೂ ಲ್ಯಾಬಿಗೆ ಕರೆದುಕೊಂಡು ಹೋದರು. ನಾನೂ ಹಿಂದೆ ಹೋಗಿ ಬಾಗಿಲ ಬಳಿ ನಿಂತೆ.

ಮೇಷ್ಟ್ರ ಲೆಕ್ಕಾಚಾರದಲ್ಲಿ ಒಂದು ಅಂಶ ಬಿಟ್ಟುಹೋಗಿತ್ತು. ಆಳುದ್ದದ ಕನ್ನಡಿಯ ಮುಂದೆ ನಿಂತ ಮನುಷ್ಯ ಡಿ.ಎನ್.ಎ. ನೋಡುವುದಿಲ್ಲ. ಸಾಹೇಬರು ಕನ್ನಡಿಯ ಎದುರು ನಿಂತು, ಪೇಟ ತುಸು ವಾಲಿರುವುದನ್ನು ಕಂಡು, ತೆಗೆದು, ನೆರಿಗೆ ತೀಡಿ ಮತ್ತೆ ಇಟ್ಟುಕೊಂಡರು. ಕೋಟಿನ ಗುಂಡಿ ಹಾಕಿಕೊಂಡರು. ಹೆಡ್‌ಮಾಸ್ಟರು ಅವರ ಹೆಗಲ ಮೇಲಿಂದ ಇಣುಕಿ ಮೀಸೆ ಸರಿಮಾಡಿಕೊಂಡರು. ಮೇಷ್ಟ್ರು ಕೋಲು ಹಿಡಿದು, ಎರಡು ಎಳೆ, ದೊಡ್ಡ ಚಿಕ್ಕ ಜೋಡಿ, ಅಪ್ಪನ ಮೂಗು ಎಂದು ಆವೇಶದಿಂದ ವಿವರಿಸುತ್ತಲೇ ಇದ್ದರು. ಮೂಗು ಎಂದಾಗ ಸಾಹೇಬರು ತಮ್ಮ ಮೂಗನ್ನು ಎರಡೂ ಪಕ್ಕದಿಂದ ನೋಡಿಕೊಂಡರು. ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಕಟ್ಟಿನಂಗಡಿಯ ಸಾಹೇಬರಿಗೆ ಮಾತ್ರ ಖುಷಿಯೋ ಖುಷಿ. "ಅಸಲಿ ಬೆಲ್ಜಿಯಂ ಗಾಜು ಸಾಬ್," ಎಂದು ನಡುವೆ ಹೇಳಿದರು.

"ಬಹಳ ಚೆನ್ನಾಗಿದೆ," ಎಂದರು ದೊಡ್ಡ ಸಾಹೇಬರು. ಅದು ಯಾವುದಕ್ಕೆ ಎಂದು ಗೊತ್ತಾಗಲಿಲ್ಲವಾದರೂ ಮೇಷ್ಟ್ರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಅಷ್ಟರಲ್ಲಿ ಲೆಕ್ಚರರು ತೆರೆಯ ಹಿಂದೆ ಇಣುಕಿದ್ದರು. ಉಲ್ಟಾ ಅಕ್ಷರದ ಬೋರ್ಡು ಅವರ ಕಣ್ಣಿಗೆ ಬಿತ್ತು. ಬೋರ್ಡು ನೋಡಿದರು, ಕನ್ನಡಿ ನೋಡಿದರು, ಬಗ್ಗಿ ಏಣಿ ನೋಡಿದರು. "ಇದು ಲೆಫ್ಟ್ ಹ್ಯಾಂಡೆಡ್ ಅಲ್ವೇನ್ರಿ?" ಎಂದರು. "ಮಾಡೆಲ್ಲೇ ತಪ್ಪಾಗಿದೆ. ಮುಚ್ಚಿಡೋಕೆ ಕನ್ನಡಿ ಇಟ್ಟಿದೀರಿ."

ದೊಡ್ಡ ಸಾಹೇಬರು ಕನ್ನಡಿಯಿಂದ ಮುಖ ತಿರುಗಿಸಿದರು. ಆ ಮುಖ ಬೇರೆಯಾಗಿತ್ತು. "ಯಾರು ಮಾಡಿದ್ದು ಇದನ್ನ?"

ಹೆಡ್‌ಮಾಸ್ಟರು ಒಂದು ಕ್ಷಣವೂ ತಡಮಾಡಲಿಲ್ಲ. "ಆಯಮ್ಮ ಸಾರ್. ನೂಲೋ ಟೀಚರು."

"ಅದೇ ಟೆಂಪರರಿ ಪೋಸ್ಟಾ? ದಾರ ಯಾವ ಕಡೆ ಸುತ್ತಬೇಕು ಅಂತಾನೇ ಗೊತ್ತಿಲ್ಲದೆ ಇನ್ನೇನು ಕಲಿಸ್ತಾರೆ ಇವರು?"

ನಾನು ಬಾಯಿ ತೆರೆದೆ. ಏನು ಹೇಳುತ್ತಿದ್ದೆನೋ ಈಗಲೂ ಗೊತ್ತಿಲ್ಲ. ಅಮ್ಮ, ತಂಗಿ, ದೊಡ್ಡಪ್ಪನ ಮನೆಯ ಅಟ್ಟ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಆದರೆ ನನಗಿಂತ ಮೊದಲು ಮೇಷ್ಟ್ರು ಕೋಲನ್ನು ಮೇಜಿನ ಮೇಲಿಟ್ಟರು.

"ತಪ್ಪು ನಂದು ಸಾರ್," ಅಂದರು.

ಹೆಡ್‌ಮಾಸ್ಟರು ಮೇಷ್ಟ್ರ ಕಡೆ ನೋಡಿದ ನೋಟ ನನಗೆ ನೆನಪಿದೆ. ಇಪ್ಪತ್ತು ವರ್ಷ ಜೊತೆಯಲ್ಲಿದ್ದರೂ ಆ ಬಾಯಿಂದ ಆ ಮಾತನ್ನು ಅವರು ಕೇಳಿರಲಿಲ್ಲ.

"ಆಯಮ್ಮ ಕೇಳಿದ್ರು, ಯಾವ ಕಡೆಗೆ ಅಂತ. ಎಡಕ್ಕೆ ಸುತ್ತು ಅಂತ ನಾನೇ ಹೇಳ್ದೆ. ಕೈಕೆಲಸ ಅವರದು, ನೀವೇ ನೋಡಿ, ಎಷ್ಟು ಪಸಂದಾಗೈತೆ. ದಿಕ್ಕು ನಂದು. ನಂಗೇ ಸರಿಯಾಗಿ ಗೊತ್ತಿರ್ಲಿಲ್ಲ. ತಪ್ಪು ಪೂರ್ತಿ ನಂದು." ಹೇಳುತ್ತ ಅವರು ತಲೆ ತಗ್ಗಿಸಿದರು. ಅಷ್ಟು ವರ್ಷ ನೆಟ್ಟಗೆ ಹೊತ್ತು ತಿರುಗಿದ್ದ ತಲೆ ಅದು. ಮುಖ ಕೆಂಪಾಗಿ, ಹುಬ್ಬಿಲ್ಲದ ಜಾಗವೂ ಕೆಂಪಾಗಿತ್ತು.

ಸಾಹೇಬರು ಚೆನ್ನಾಗಿಯೇ ಬೈದರು. ಎಡ ಬಲ ತಿಳಿಯದವರ ಕೈಗೆ ಒಂದು ಶಾಲೆ ಕೊಡುವುದು ಹೇಗೆ ಎಂದರು. ಕನ್ನಡಿ ಇಟ್ಟು ಇಲಾಖೆಗೇ ಮೋಸ ಮಾಡುವುದೇ ಎಂದರು. ಮೇಷ್ಟ್ರು ಒಂದಕ್ಕೂ ಎದುರಾಡಲಿಲ್ಲ. ಲೆಕ್ಚರರು ಅಷ್ಟು ಹೊತ್ತಿಗೆ ಮೆತ್ತಗಾಗಿ, ಸುರುಳಿಯನ್ನು ಬೆರಳಿನಿಂದ ತಟ್ಟಿ ನೋಡಿ, ಕೆಲಸವೇನೋ ಅಚ್ಚುಕಟ್ಟು, ನಮ್ಮ ಕಾಲೇಜಿನಲ್ಲೂ ಇಂಥದೊಂದಿಲ್ಲ ಎಂದರು. ಹೋಗುವಾಗ ಸಾಹೇಬರು ಹೆಡ್‌ಮಾಸ್ಟರಿಗೆ, "ಆಯಮ್ಮ ಇರ್ಲಿ ಬಿಡಿ," ಎಂದದ್ದು ನನ್ನ ಕಿವಿಗೆ ಬಿತ್ತು. ಆ ಮೂರು ಮಾತಿನ ಮೇಲೆ ನಾನು ಕೆಲಸದಲ್ಲಿ ಉಳಿದೆ, ಮುಂದೆ ಕೆಲಸ ಖಾಯಂ ಆಯಿತು, ತಂಗಿ ಓದಿದಳು, ಅಮ್ಮ ತನ್ನ ಮನೆಯಲ್ಲಿ ತನ್ನ ಒಲೆಯ ಮುಂದೆ ಕಣ್ಣು ಮುಚ್ಚಿದಳು. ನಾನು ಉಂಡ ಅನ್ನದಲ್ಲಿ ಮೇಷ್ಟ್ರ ಪಾಲು ಎಷ್ಟೆಂದು ಹೇಳಲು ನನಗೆ ಬರುವುದಿಲ್ಲ.

ಕನ್ನಡಿಯನ್ನು ಕೂಲಿಯವನ ತಲೆಗೆ ಹೊರಿಸಿ ಕಟ್ಟಿನಂಗಡಿಯ ಸಾಹೇಬರನ್ನು ಕಳಿಸಿದ ಮೇಲೆ ನಾವಿಬ್ಬರೂ ಮನೆಯ ದಾರಿ ಹಿಡಿದೆವು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ನಡೆದೆ. ಕೊನೆಗೆ, "ಯಾಕೆ ಹಂಗಂದ್ರಿ ಮೇಷ್ಟ್ರೆ? ನಾನು ಕೇಳಿರ್ಲಿಲ್ಲ, ನೀವು ಹೇಳಿರ್ಲಿಲ್ಲ," ಅಂದೆ.

"ನಂಗೊತ್ತಿಲ್ವಾ?" ಅಂದರು. "ಅಲ್ಲಿ ಅಂದಿದ್ದು ಅಲ್ಲಿಗೆ. ನೀನೇನು ನಿಜ ಅನ್ಕೊಂಡ್ಬುಟ್ಟೀಯ. ತಪ್ಪು ನಂದಲ್ಲ."

ಅರ್ಧ ದಾರಿಯಲ್ಲೇ ಮಾತನ್ನು ವಾಪಸ್ಸು ತೆಗೆದುಕೊಂಡಿದ್ದರು. ನಾನು ಅಳುತ್ತಿದ್ದವಳು ನಕ್ಕುಬಿಟ್ಟೆ. ವಠಾರದ ಬಾಗಿಲಲ್ಲಿ ನಿಂತು ಅವರು ಮೆಲ್ಲಗೆ ಹೇಳಿದರು, "ಒಂದ್ ಮಾತು. ನಿಮ್ಮಕ್ಕಂಗೆ ಹೇಳ್ಬ್ಯಾಡ. ಅಲ್ಲಿ ಅಂದೋರು ಇಲ್ಲೂ ಅನ್ನಿ ಅಂತ ದಿನಾ ಪ್ರಾಣ ತಿಂತಾಳೆ." ನಾನು ಹೇಳಲಿಲ್ಲ.

ಕೊರಟಗೆರೆಯ ಹೆಡ್‌ಮಾಸ್ಟರಿಕೆ ಇನ್ನೊಬ್ಬರಿಗೆ ಹೋಯಿತು. ಮೇಷ್ಟ್ರಿಗೆ ಬಂದದ್ದು ಪಾವಗಡಕ್ಕೆ ವರ್ಗ. ಆ ಕಾಲದಲ್ಲಿ ಅಲ್ಲಿಗೆ, ಮಳೆಯಿಲ್ಲದ ಆ ದೂರದ ಮೂಲೆಗೆ, ವರ್ಗವೆಂದರೆ ನೌಕರರು ಮುಖ ಸಣ್ಣ ಮಾಡುತ್ತಿದ್ದರು. ಮೇಷ್ಟ್ರಿಗಂತೂ ಅದು ಮಾವನ ಮನೆಯ ಊರು ಬೇರೆ. ಅಕ್ಕನಿಗೆ ಮಾತ್ರ ಹಬ್ಬ. ಯಾಕೆ ವರ್ಗವಾಯಿತು ಎಂದು ಅಕ್ಕ ಕೇಳಿದರೆ, "ಆ ಊರಿಗೆ ಒಬ್ಬ ಒಳ್ಳೆ ಸೈನ್ಸ್ ಮೇಷ್ಟ್ರು ಬೇಕಾಗಿತ್ತಂತೆ," ಎಂದಿದ್ದರು. ಗಾಡಿಗೆ ಸಾಮಾನು ಹೇರುವಾಗ ಏಣಿಯನ್ನೂ ಹೊದಿಕೆಯಲ್ಲಿ ಸುತ್ತಿ ತೆಗೆದುಕೊಂಡು ಹೋದರು. ಒಮ್ಮೆ ಅಲ್ಲಿಗೆ ಹೋಗಿ ಬಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ: ಮೇಷ್ಟ್ರು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಅದೇ ಏಣಿ ಇಟ್ಟುಕೊಂಡು ಪಾಠ ಮಾಡುತ್ತಾರೆ, ಎಡಮುರಿ ತೋರಿಸಿ, ಇದು ಹೀಗಿರಬಾರದು, ಯಾಕೆ ಹೇಳಿ ಎಂದು ಮಕ್ಕಳನ್ನು ಕೇಳುತ್ತಾರೆ, ಬೇಕೆಂದೇ ತಿರುಗಿಸಿ ಮಾಡಿಸಿದ್ದೇನೆ ಎನ್ನುತ್ತಾರೆ.

ಅರವತ್ತರ ದಶಕದ ಕೊನೆಯ ಹೊತ್ತಿಗೆ, ನಿವೃತ್ತಿಗೆ ಸ್ವಲ್ಪ ಮೊದಲು, ಎದೆನೋವು ಬಂದು ಮೇಷ್ಟ್ರು ಹೋಗಿಬಿಟ್ಟರು. ಸುದ್ದಿ ತಿಳಿದು ನಾನು ಪಾವಗಡಕ್ಕೆ ಹೋದೆ. ಬಂದ ನೆಂಟರೆಲ್ಲ ಊಟಕ್ಕೆ ಎದ್ದಾಗ ಅಕ್ಕ ನನ್ನ ಕೈ ಹಿಡಿದು ಹಿತ್ತಲ ಕಟ್ಟೆಯ ಮೇಲೆ ಕೂರಿಸಿಕೊಂಡರು.

"ನೋವು ಬಂದಾಗ್ಲೂ, ಇದು ಎದೆನೋವಲ್ಲ, ಡಾಕ್ಟ್ರಿಗೇ ಗೊತ್ತಿಲ್ಲ ಅಂದ್ರು ಕಣಮ್ಮ," ಎಂದರು. "ಕಡೆಗೂ ಒಂದ್ಸಲ ಅನ್ನಲಿಲ್ಲ. ಅನ್ನದೇ ಹೋಗ್ಬುಟ್ರು."

ಇನ್ನು ತಡೆದುಕೊಳ್ಳುವುದು ನನ್ನಿಂದಾಗಲಿಲ್ಲ. "ಅಂದಿದ್ರು ಅಕ್ಕ," ಎಂದೆ. ಎಲ್ಲವನ್ನೂ ಹೇಳಿದೆ. ಸಾಹೇಬರು ಕೇಳಿದ್ದು, ಹೆಡ್‌ಮಾಸ್ಟರು ನನ್ನ ಕಡೆ ಕೈ ತೋರಿಸಿದ್ದು, ಮೇಷ್ಟ್ರು ಕೋಲು ಕೆಳಗಿಟ್ಟದ್ದು, ಕೊರಟಗೆರೆ ಕೈ ತಪ್ಪಿದ್ದು ಯಾಕೆಂಬುದು.

ಅಕ್ಕ ನನ್ನನ್ನೇ ನೋಡುತ್ತಿದ್ದರು. "ಬಾಯಿ ಬಿಟ್ಟು ಅಂದ್ರಾ? ತಪ್ಪು ನಂದು ಅಂತ?"

"ಹೂಂ ಅಕ್ಕ. ಎಲ್ಲಾರ್ ಮುಂದೆ."

"ತಲೆ ತಗ್ಗಿಸಿದ್ರಾ?"

"ತಗ್ಗಿಸಿದ್ರು."

ಅಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡರು. ಕೋಪ ಬರಬಹುದು ಎಂದುಕೊಂಡಿದ್ದೆ. ಕೋಪ ಬರಲಿಲ್ಲ.

"ಪಾಪ," ಎಂದರು. "ಎಷ್ಟು ಕಷ್ಟ ಆಗಿರ್ಬೇಕು ಅವರಿಗೆ."